ಹಳೆಯ ಲಾರಿಯ ಹೊಸ ಕಣ್ಣು

ಅರಸೀಕೆರೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ರೈಲು ಜಂಕ್ಷನ್. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಳಿಯಿಂದ ಹಾಸನದ ಹಳಿ ಕವಲೊಡೆಯುವುದು ಇಲ್ಲೇ. ಕೊಬ್ಬರಿ ವ್ಯಾಪಾರಿಗಳಿಗೆ ಇದು ಮಾರುಕಟ್ಟೆಯ ಊರು. ಶಿಲ್ಪಕಲೆಯಲ್ಲಿ ಆಸಕ್ತಿ ಇರುವವರು ಹೊಯ್ಸಳರ ಕಾಲದ ಶಿವಾಲಯವನ್ನೂ ಅದರ ಹದಿನಾರು ಮೂಲೆಯ ನಕ್ಷತ್ರಾಕಾರದ ಮಂಟಪವನ್ನೂ ಹುಡುಕಿಕೊಂಡು ಬರುತ್ತಾರೆ. ಈ ಮೂವರ ಕಣ್ಣಿಗೂ ಬೀಳದ ಇನ್ನೊಂದು ಅರಸೀಕೆರೆ ಇದೆ. ಹೆದ್ದಾರಿಯ ಅಂಚಿನಲ್ಲಿ ಪಂಕ್ಚರ್ ಅಂಗಡಿ, ಟಿಂಕರಿಂಗ್ ಶೆಡ್ಡು, ಒಂದು ಮೇಜು ನಾಲ್ಕು ಬ್ಯಾಟರಿಗಳ ಆಟೊ ಎಲೆಕ್ಟ್ರಿಕಲ್ಸ್. ಡೀಸೆಲ್ಲಿನ ವಾಸನೆಯ, ಎಣ್ಣೆ ಕುಡಿದು ಕಪ್ಪಾದ ಮಣ್ಣಿನ ಅರಸೀಕೆರೆ.

ಅಂಥದ್ದೊಂದು ಅಂಗಡಿಯ ಮುಂದೆ ಎರಡು ದಿನದಿಂದ ಒಂದು ಹಳೆಯ ಲಾರಿ ನಿಂತಿತ್ತು. 1984ರ ಮಾಡೆಲಿನ ಟಾಟಾ 1210. ಮೂತಿ ಮುಂದೆ ಚಾಚಿದ, ಮರದ ಬಾಡಿಯ ಲಾರಿ. ಊರಿನವರ ಬಾಯಲ್ಲಿ ಅದು ಇವತ್ತಿಗೂ 'ಬೆಂಜ್ ಲಾರಿ'. 1954ರಲ್ಲಿ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಜಮ್‌ಷೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿತು. ಆ ಒಪ್ಪಂದ 1969ಕ್ಕೇ ಮುಗಿಯಿತು, ಮೂತಿಯ ಮೇಲಿದ್ದ ನಕ್ಷತ್ರವೂ ಹೋಯಿತು. ಹೆಸರು ಮಾತ್ರ ಹಳ್ಳಿಗಾಡಿನ ನಾಲಿಗೆಯಿಂದ ಇಳಿಯಲಿಲ್ಲ.

ಲಾರಿಯ ಮಾಲೀಕರೂ ಅವರೇ, ಚಾಲಕರೂ ಅವರೇ. ಎಪ್ಪತ್ತರ ಹತ್ತಿರದ ವಯಸ್ಸು. ಅರಸೀಕೆರೆಯ ಸುತ್ತಿನ ತೋಟಗಳಿಂದ ಎಳನೀರು ತುಂಬಿಕೊಂಡು ಹಳೇಬೀಡು, ಬೇಲೂರಿನ ಪ್ರವಾಸಿಗರ ಅಂಗಡಿಗಳಿಗೆ ಹಾಕಿ ಬರುವುದು ಅವರ ಕಸುಬು. ಇಷ್ಟು ಹಳೆಯ ಗಾಡಿಗೆ ವರ್ಷಕ್ಕೊಮ್ಮೆ ಎಫ್.ಸಿ. ಆಗಲೇಬೇಕು. ಈ ಸಲ ಅವರ ತಲೆಯಲ್ಲಿ ಕೊರೆಯುತ್ತಿದ್ದುದು ಇಂಡಿಕೇಟರ್. ಹಗಲಿನಲ್ಲಿ ಅದು ಉರಿಯುತ್ತಿದೆಯೋ ಇಲ್ಲವೋ ಎಂದು ಹತ್ತಿರ ಹೋಗಿ, ಕೈ ಮರೆ ಮಾಡಿ ನೋಡಬೇಕಿತ್ತು. ಐ.ಟಿ.ಐ. ಓದುವ ಮೊಮ್ಮಗ ನಾಲ್ಕು ಎಲ್.ಇ.ಡಿ. ಬಲ್ಬು ತಂದು ಕೈಗಿಟ್ಟ. "ಹಳೇದು ಕಿತ್ತು ಇದನ್ನ ಸಿಕ್ಸಿದ್ರೆ ಆಯ್ತು ತಾತ, ಐದು ನಿಮಿಷದ ಕೆಲಸ."

ಐದು ನಿಮಿಷದ ಕೆಲಸ ಎರಡು ದಿನ ಹಿಡಿಯಿತು.

ಬಲ್ಬು ಸಿಕ್ಕಿಸಿ ಸ್ವಿಚ್ ಎತ್ತಿದರೆ ದೀಪ ಹತ್ತಿತು, ಮಿಟುಕಲಿಲ್ಲ. ಹತ್ತಿದ್ದು ಹತ್ತಿದ ಹಾಗೇ ನಿಂತಿತು. ಹುಡುಗ ಬಲ್ಬನ್ನು ಬೈದ. ವೈರಿಂಗ್ ಮೇಸ್ತ್ರಿ ನಕ್ಕು, ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ, ತಗಡಿನ ಪುಟ್ಟ ಡಬ್ಬಿಯೊಂದನ್ನು ಕಳಚಿ ತಂದು ಮೇಜಿನ ಮೇಲಿಟ್ಟರು. ಇದೇ ಫ್ಲಾಷರ್. ಲಾರಿಯಲ್ಲಿ ಕೂತವರಿಗೆ ಕೇಳುವ 'ಟಿಕ್ ಟಿಕ್' ಸದ್ದು ಇದರದೇ.

ಡಬ್ಬಿಯ ಒಳಗಿನ ಉಪಾಯ ಇಸ್ತ್ರಿ ಪೆಟ್ಟಿಗೆಯದಕ್ಕಿಂತ ದೊಡ್ಡದೇನಲ್ಲ. ತೆಳುವಾದ ಲೋಹದ ಪಟ್ಟಿಯ ಮೂಲಕ ದೀಪಗಳಿಗೆ ಹೋಗುವ ಕರೆಂಟು ಹರಿಯುತ್ತದೆ. ಪಟ್ಟಿ ಬಿಸಿಯಾಗಿ ಹಿಗ್ಗುತ್ತದೆ, ಸಂಪರ್ಕ ಕಡಿಯುತ್ತದೆ, ದೀಪ ಆರುತ್ತದೆ. ತಣಿದೊಡನೆ ಪಟ್ಟಿ ಮತ್ತೆ ಕೂಡಿಕೊಂಡು ದೀಪ ಹತ್ತುತ್ತದೆ. ಅಂದರೆ ಮಿಟುಕು ಹುಟ್ಟುವುದು ಬಿಸಿಯಿಂದ, ಬಿಸಿ ಹುಟ್ಟುವುದು ಬಲ್ಬು ಎಳೆಯುವ ಕರೆಂಟಿನಿಂದ. ಹಳೆಯ ಬಲ್ಬು ಒಂದೊಂದೂ 21 ವಾಟಿನದು. ಈ ಲಾರಿಯದು 12 ವೋಲ್ಟ್. ಒಂದು ಮಗ್ಗುಲಿನ ಹಿಂದಿನದು ಮುಂದಿನದು ಸೇರಿದರೆ 42 ವಾಟು, ಮೂರೂವರೆ ಆಂಪಿಯರ್. ಹೊಸ ಎಲ್.ಇ.ಡಿ. ಎರಡೂ ಸೇರಿದರೂ ಐದು ವಾಟು ಮುಟ್ಟುವುದು ಕಷ್ಟ. ಅರ್ಧ ಆಂಪಿಯರೂ ಇಲ್ಲ. ಅಷ್ಟು ಕರೆಂಟಿಗೆ ಪಟ್ಟಿ ಬೆಚ್ಚಗೂ ಆಗದು. (ಕೆಲವು ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ. ಅಳೆದು ನೋಡದೆ ಬಲ್ಬು ಕೊಂಡರೆ ಕೊಂಡಷ್ಟೇ ಬೇಗ ಸುಟ್ಟುಹೋಗುತ್ತದೆ.)

ಇದಕ್ಕೆ ಪೇಟೆಯಲ್ಲಿ ಎರಡು ಮದ್ದು ಸಿಗುತ್ತವೆ. ಒಂದು, ಪ್ರತಿ ಮಗ್ಗುಲಿಗೂ ಒಂದು ರೆಸಿಸ್ಟರ್ ಕಟ್ಟಿ ಕರೆಂಟನ್ನು ಸುಮ್ಮನೆ ಕುಡಿಸುವುದು. ಆರು ಓಮ್‌ನ ರೆಸಿಸ್ಟರ್ 12 ವೋಲ್ಟಿಗೆ ಎರಡು ಆಂಪಿಯರ್ ಎಳೆದು 24 ವಾಟು ಶಾಖ ಕಕ್ಕುತ್ತದೆ. ಫ್ಲಾಷರಿಗೆ ಹಳೆಯ ಬಲ್ಬೇ ಇದೆಯೆಂದು ಮೋಸ ಮಾಡುವ ಈ ವಿದ್ಯೆಯಿಂದ ಕರೆಂಟಿನ ಉಳಿತಾಯ ಬಹುಪಾಲು ಮಣ್ಣು ಪಾಲು. ಸಾಲದ್ದಕ್ಕೆ ಕೈ ಸುಡುವಷ್ಟು ಬಿಸಿಯಾಗುವ ವಸ್ತುವನ್ನು ಒಣ ಮರದ ಬಾಡಿಗೆ, ತೆಂಗಿನ ನಾರಿನ ಪಕ್ಕಕ್ಕೆ ಕಟ್ಟಿದಂತಾಯಿತು. ಮೇಸ್ತ್ರಿ ಅದನ್ನು ಒಪ್ಪಲಿಲ್ಲ. ಇನ್ನೊಂದು ಮದ್ದು, ಫ್ಲಾಷರನ್ನೇ ಬದಲಿಸುವುದು. ಎಲೆಕ್ಟ್ರಾನಿಕ್ ಫ್ಲಾಷರ್ ಬಿಸಿಯನ್ನು ನೆಚ್ಚಿಕೊಂಡಿಲ್ಲ. ಕರೆಂಟು ಹೆಚ್ಚಿರಲಿ ಕಡಿಮೆಯಿರಲಿ, ತನ್ನ ತಾಳ ತನಗೆ. ಹೊಸದನ್ನು ಕೂರಿಸಿ ಹುಡುಗ ಕೈಗಡಿಯಾರ ಹಿಡಿದು ಎಣಿಸಿದ: ಹತ್ತು ಸೆಕೆಂಡಿಗೆ ಹದಿನೈದು ಮಿಟುಕು, ನಿಮಿಷಕ್ಕೆ 90. ಮೋಟಾರು ವಾಹನ ನಿಯಮದಂತೆ 60ಕ್ಕೆ ಕಡಿಮೆಯಿಲ್ಲದೆ 120 ಮೀರದೆ ಇರಬೇಕು. ಬಣ್ಣ ಕಿತ್ತಳೆ ಹಳದಿಯೇ ಆಗಬೇಕು. ಸರಿಯಾಗಿತ್ತು.

ಸರಿಯಾಗಿತ್ತು ಎಂದುಕೊಂಡು ಹಿಂದೆ ಹೋಗಿ ನೋಡಿದರೆ ನಾಲ್ಕೂ ದೀಪ ಮಿಟುಕುತ್ತಿವೆ! ಎಡಕ್ಕೆ ಎತ್ತಿದರೂ ನಾಲ್ಕು, ಬಲಕ್ಕೆ ಎತ್ತಿದರೂ ನಾಲ್ಕು. ಬೆಳಕೇನೋ ಸೊಗಸಾಗಿತ್ತು, ಆದರೆ ಲಾರಿ ಎತ್ತ ತಿರುಗುತ್ತದೆಂದು ಹಿಂದಿನವನಿಗೆ ಹೇಳುವ ಬದಲು ಏನನ್ನೂ ಹೇಳದಂತಾಗಿತ್ತು. ಮಂಕು ದೀಪಕ್ಕಿಂತ ಇದು ಕೇಡು.

ಹಳೆಯ ಲಾರಿಗಳ ವೈರಿಂಗಿನಲ್ಲಿ ಜಿಪುಣತನದ ಒಂದು ಜಾಣ್ಮೆ ಇದೆ, ಎಲ್ಲ ತೊಡಕೂ ಅಲ್ಲಿಯದು. ಚಾಲಕನ ಎದುರು ಇರುವ ಸೂಚಕ ದೀಪ ಎರಡು ಮಗ್ಗುಲಿಗೂ ಸೇರಿ ಒಂದೇ. ಅದರ ಒಂದು ತುದಿ ಎಡದ ತಂತಿಗೆ, ಇನ್ನೊಂದು ತುದಿ ಬಲದ ತಂತಿಗೆ. ಎಡಕ್ಕೆ ಸ್ವಿಚ್ ಹಾಕಿದಾಗ ಕರೆಂಟು ಆ ಪುಟ್ಟ ದೀಪವನ್ನು ಹಾಯ್ದು, ಬಲಗಡೆಯ ದೊಡ್ಡ ಬಲ್ಬುಗಳ ತಂತಿಯ ಮೂಲಕ ಅರ್ತ್ ಸೇರುತ್ತದೆ. ಪುಟ್ಟ ದೀಪ ಬಿಡುವುದೇ ಚೂರು ಕರೆಂಟು. 21 ವಾಟಿನ ಬಲ್ಬಿಗೆ ಅದು ಯಾವ ಮೂಲೆಗೂ ಸಾಲದು, ಅದು ಹತ್ತುವುದಿಲ್ಲ, ಬರಿಯ ದಾರಿಯಾಗಿ ಸುಮ್ಮನಿರುತ್ತದೆ. ಎಲ್.ಇ.ಡಿ.ಗಾದರೋ ಆ ಚೂರೇ ಮೃಷ್ಟಾನ್ನ. ಹೀಗಾಗಿ ಎಡದ ಸುದ್ದಿ ಕಳ್ಳದಾರಿಯಲ್ಲಿ ಬಲಕ್ಕೂ ಹೋಗಿ ಅಲ್ಲೂ ದೀಪ ಹತ್ತಿಸುತ್ತದೆ.

ಪರಿಹಾರಕ್ಕೆ ಬೇಕಾದದ್ದು ಕರಿಮೆಣಸಿಗಿಂತ ತುಸು ದೊಡ್ಡದಾದ, ಕೆಲವೇ ರೂಪಾಯಿಯ ಎರಡು ಡಯೋಡುಗಳು. ಡಯೋಡ್ ಎಂದರೆ ಸೈಕಲ್ ಟ್ಯೂಬಿನ ವಾಲ್ವಿನ ಹಾಗೆ. ಗಾಳಿ ಒಳಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವಂತಿಲ್ಲ. ಎಡದ ತಂತಿಯಿಂದ ಒಂದು, ಬಲದ ತಂತಿಯಿಂದ ಒಂದು ಡಯೋಡ್ ತಂದು ಸೂಚಕ ದೀಪದ ಒಂದೇ ತುದಿಗೆ ಕೂಡಿಸಿ, ಇನ್ನೊಂದು ತುದಿಯನ್ನು ನೇರ ಅರ್ತಿಗೆ ಕೊಟ್ಟರೆ ಕಳ್ಳದಾರಿ ಮುಚ್ಚಿತು. ಡಯೋಡಿನ ಮೈಮೇಲಿನ ಬೆಳ್ಳಿ ಗೆರೆ ದೀಪದ ಕಡೆಗಿರಬೇಕು, ಅಷ್ಟೇ ಎಚ್ಚರ. ತಮಾಷೆಯೆಂದರೆ ಎಲ್.ಇ.ಡಿ. ಕೂಡ ಒಂದು ಡಯೋಡೇ, ಬೆಳಕು ಕೊಡುವ ಡಯೋಡ್. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಮೊದಲ ಎಲ್.ಇ.ಡಿ.ಯನ್ನು 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಬೆಳಗಿಸಿದರು. ನೀಲಿ ಒಲಿಯಲು ಮತ್ತೆ ಮೂವತ್ತು ವರ್ಷ ಬೇಕಾಯಿತು, ಅದಕ್ಕೆ 2014ರಲ್ಲಿ ನೊಬೆಲ್ ಬಂತು. ಆ ನೀಲಿಯಿಂದ ಬಂದದ್ದು ಇವತ್ತಿನ ಬಿಳಿಯ ಎಲ್.ಇ.ಡಿ. ಲಾರಿಯ ಹಳದಿ ಗಾಜಿನ ಹಿಂದೆ ಬಿಳಿಯದನ್ನು ಹಾಕಿದರೆ ಬೆಳಕು ಸೋರಿಹೋಗಿ ಪೇಲವವಾಗುತ್ತದೆ. ಹಳದಿಯ ಹಿಂದೆ ಹಳದಿಯದನ್ನೇ ಹಾಕಬೇಕು.

ಇಷ್ಟಾದರೂ ಹಿಂದಿನ ಎಡದ ದೀಪ ಒಮ್ಮೆ ಹತ್ತಿ ಒಮ್ಮೆ ಮುನಿಯುತ್ತಿತ್ತು. ಮೇಸ್ತ್ರಿ ಹೋಲ್ಡರಿನ ಬುಡ ಕೆರೆದರು. ತುಕ್ಕಿನ ಪುಡಿ ಉದುರಿತು. ಮರದ ಬಾಡಿಗೆ ಜಡಿದ ದೀಪ ತುಕ್ಕು ಹಿಡಿದ ಒಂದು ಬೋಲ್ಟಿನಿಂದ ಚಾಸಿಯನ್ನು ಮುಟ್ಟುತ್ತಿತ್ತು. ಅಲ್ಲಿಂದ ಚಾಸಿಗೆ ಬೇರೆಯೇ ಒಂದು ತಂತಿ ಎಳೆದು ಅವರು ಹೇಳಿದರು: "ಅರ್ತ್ ಸರಿ ಇಲ್ದಿದ್ರೆ ಯಾವುದೂ ಅರ್ಥ ಆಗಲ್ಲ ಯಜಮಾನ್ರೆ."

ಯಜಮಾನರು ನಗಲಿಲ್ಲ. ಇಪ್ಪತ್ತು ವರ್ಷದ ಹಿಂದೆ, ಇದೇ ಲಾರಿ, ಬಾಣಾವರದಲ್ಲಿ ಜಾವಗಲ್ ಕಡೆಗೆ ಎಡಕ್ಕೆ ತಿರುಗುವಾಗ, ಕತ್ತಲಾಗುವ ಹೊತ್ತು. ಇಂಡಿಕೇಟರ್ ಹಾಕಿದ್ದರು. ಎದುರಿನ ಸೂಚಕ ದೀಪ ಮಿಟುಕದೆ ಉರಿದೇ ನಿಂತಿದ್ದನ್ನೂ ನೋಡಿದ್ದರು. ಫ್ಲಾಷರ್ ಹೋಗಿರಬೇಕು, ನಾಳೆ ನೋಡೋಣ ಎಂದುಕೊಂಡಿದ್ದರು. ಹೋಗಿದ್ದದ್ದು ಫ್ಲಾಷರಲ್ಲ. ಹಿಂದಿನ ದೀಪ ಸತ್ತಿತ್ತು. ಒಂದೇ ಬಲ್ಬಿನ ಕರೆಂಟಿಗೆ ಪಟ್ಟಿ ಕಾಯದೆ ಮಿಟುಕು ನಿಂತಿತ್ತು. ಎಡದಿಂದ ನುಗ್ಗಿದ ಮೊಪೆಡ್ಡಿನವನಿಗೆ ಲಾರಿ ತಿರುಗುತ್ತದೆಂದು ತಿಳಿಯುವ ದಾರಿಯೇ ಇರಲಿಲ್ಲ. ಜೀವ ಉಳಿಯಿತು, ಕಾಲು ಸರಿಹೋಗಲಿಲ್ಲ. ಈಗಲೂ ಆತ ಊರುಗೋಲು ಹಿಡಿದೇ ನಡೆಯುವುದು. ಯಜಮಾನರು ಬಾಣಾವರ ದಾಟುವಾಗ ರೇಡಿಯೊ ಹಾಕುವುದಿಲ್ಲ.

"ಹಂಗಾದ್ರೆ ಹಳೇ ಡಬ್ಬಿ ಅವತ್ತು ನಂಗೆ ಹೇಳಿತ್ತು," ಎಂದರು ಅವರು, ಮೇಜಿನ ಮೇಲಿದ್ದ ತಗಡಿನ ಫ್ಲಾಷರನ್ನು ಬೆರಳಿನಿಂದ ಹೊರಳಿಸುತ್ತ. "ಈ ಹೊಸದು ಹೇಳ್ತದಾ?"

ಮೇಸ್ತ್ರಿ ಸುಳ್ಳು ಹೇಳಲಿಲ್ಲ. ಹೇಳುವುದಿಲ್ಲ. ಕರೆಂಟಿನ ಹಂಗಿಲ್ಲದ ಫ್ಲಾಷರಿಗೆ ಬಲ್ಬು ಸತ್ತದ್ದರ ಸುಳಿವೂ ಇಲ್ಲ. ಹಿಂದೆ ಕಗ್ಗತ್ತಲಿದ್ದರೂ ಅದು ಮುಂದೆ ತಪ್ಪದೆ ಟಿಕ್ ಟಿಕ್ ಎನ್ನುತ್ತಿರುತ್ತದೆ. ಎಲ್.ಇ.ಡಿ. ಸುಲಭಕ್ಕೆ ಸಾಯುವುದಿಲ್ಲ ನಿಜ, ಬಿಸಿಯಾಗಿ ಕಡಿದುಹೋಗುವ ಟಂಗ್‌ಸ್ಟನ್ ತಂತಿ ಅದರೊಳಗಿಲ್ಲ. ಆದರೆ ಹೋಲ್ಡರ್ ತುಕ್ಕು ಹಿಡಿಯುವುದನ್ನು, ತಂತಿಯನ್ನು ಇಲಿ ಕಡಿಯುವುದನ್ನು ಯಾವ ಎಲ್.ಇ.ಡಿ.ಯೂ ತಡೆಯದು. ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ, "ಹೊರಡೋಕೆ ಮುಂಚೆ ಇಳಿದು ನೋಡ್ಬೇಕು ಅನ್ನು," ಎಂದರು.

ಮರುದಿನ ಮುಂಜಾನೆ ಎಳನೀರು ತುಂಬಿದ ಲಾರಿ ಹೊರಟಿತು. ಬಾಣಾವರದಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ದಾರಿ ನೈರುತ್ಯಕ್ಕೆ ಓಡುತ್ತದೆ. ಆ ಹೊತ್ತಿನಲ್ಲಿ ಸೂರ್ಯ ಸರಿಯಾಗಿ ಬೆನ್ನಿಗೆ. ಲಾರಿಯ ಹಿಂದಿನ ಗಾಜಿನ ಮೇಲೆ ಎಳೆಬಿಸಿಲು ಬಿದ್ದು, ಒಳಗಿನ ಹೊಳಪು ತಗಡಿನಿಂದ ಮರಳಿ ಬಂದು, ಆರಿದ ದೀಪವೂ ಹತ್ತಿದಂತೆ ತೋರುತ್ತದೆ. ಹತ್ತಿದ್ದಕ್ಕೂ ಆರಿದ್ದಕ್ಕೂ ವ್ಯತ್ಯಾಸ ಕಾಣದಿದ್ದಾಗ ಮಿಟುಕಿಗೆ ಬೆಲೆಯಿಲ್ಲ. ಹೊಸ ದೀಪ ತೀವ್ರವಾಗಿರುವುದರಿಂದ, ಹತ್ತುವುದು ಆರುವುದು ಥಟ್ಟನೆ ಆಗುವುದರಿಂದ ಆ ಬಿಸಿಲಿನಲ್ಲೂ ಅದು ಎದ್ದು ಕಾಣುತ್ತಿತ್ತು. ತಂತಿಯ ಬಲ್ಬು ಕಾದು ಪೂರ್ತಿ ಬೆಳಗಲು ಸುಮಾರು ಸೆಕೆಂಡಿನ ಐದನೆಯ ಒಂದು ಪಾಲು ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಅಷ್ಟರಲ್ಲಿ ಮೂರು ಮೀಟರ್ ಮುಂದೆ ಬಂದಿರುತ್ತದೆ. ಇದನ್ನು ಕೇಳಿದ ಮೇಲೆ ಹುಡುಗ ಬ್ರೇಕ್ ದೀಪವನ್ನೂ ಬದಲಿಸೋಣ ಎಂದು ತಾತನ ಬೆನ್ನು ಹತ್ತಿದ್ದಾನೆ.

ಜಾವಗಲ್ ಬರುವವರೆಗೂ ತೆಂಗು, ರಾಗಿ ಹೊಲ, ಅಲ್ಲಲ್ಲಿ ಒಣಗಿದ ಕೆರೆಯಂಗಳ. ಇಲ್ಲೂ ಹೊಯ್ಸಳರ ಲಕ್ಷ್ಮೀನರಸಿಂಹನ ಗುಡಿಯಿದೆ, ಎಳನೀರಿನ ಲಾರಿಗೆ ನಿಲ್ಲುವ ಪುರುಸೊತ್ತಿಲ್ಲ. ಎದುರಿನಿಂದ ಬರುವ ಲಾರಿಗಳ ಮೈತುಂಬ ಎಲ್.ಇ.ಡಿ. ಮಾಲೆ: ನೀಲಿ, ಹಸಿರು, ನೇರಳೆ, ಓಡುವವು, ಕುಣಿಯುವವು. ಆ ಜಾತ್ರೆಯ ನಡುವೆ ಇಂಡಿಕೇಟರ್ ಯಾವುದೆಂದು ಹುಡುಕುವಷ್ಟರಲ್ಲಿ ಗಾಡಿ ತಿರುಗಿ ಆಗಿರುತ್ತದೆ. ಬೆಳಕು ಅಗ್ಗವಾದದ್ದರ ಫಲ ಇದು.

ಹಳೇಬೀಡಿನಲ್ಲಿ ಅರ್ಧ ಸರಕು ಇಳಿಯುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹೊಯ್ಸಳೇಶ್ವರನ ಮುಂದೆ ಇಳಿಯುವ ಪ್ರವಾಸಿಗರಲ್ಲಿ ಹೆಚ್ಚಿನವರು ಗುಡಿ ಸುತ್ತಿ, ಎಳನೀರು ಕುಡಿದು ಬಸ್ಸು ಹತ್ತುತ್ತಾರೆ. ಸ್ವಲ್ಪ ದೂರದ ಬಸದಿಹಳ್ಳಿಯವರೆಗೆ ನಡೆಯುವವರು ಕಡಿಮೆ. ಅಲ್ಲಿನ ಪಾರ್ಶ್ವನಾಥ ಬಸದಿಯ ಕರಿಯ ಕಂಬಗಳನ್ನು ಕನ್ನಡಿಯಂತೆ ನಯಗೊಳಿಸಿದ್ದಾರೆ. ಮುಂದೆ ನಿಂತರೆ ಉಬ್ಬಿದ ಕಡೆಯಲ್ಲಿ ನಿಂತವರ ರೂಪ ಕಿರಿದಾಗಿ, ದೂರದಲ್ಲಿದ್ದಂತೆ ಮೂಡುತ್ತದೆ. ಸರಕು ಇಳಿಯುವ ಹೊತ್ತಿನಲ್ಲಿ ಹುಡುಗ ಅಲ್ಲಿಗೆ ಹೋಗಿ ಬಂದು ಲಾರಿಯ ಪಕ್ಕದ ಕನ್ನಡಿಯನ್ನು ಮತ್ತೊಮ್ಮೆ ನೋಡಿದ. ಅದೂ ಉಬ್ಬು ಕನ್ನಡಿಯೇ. ಹೆಚ್ಚು ಅಗಲವನ್ನು ತೋರಿಸಲು ಎಲ್ಲವನ್ನೂ ಕಿರಿದು ಮಾಡುತ್ತದೆ. ಹತ್ತಿರ ಬಂದ ಬೈಕು ಇನ್ನೂ ದೂರದಲ್ಲಿದೆಯೆಂದು ನಂಬಿಸುತ್ತದೆ.

ಹಳೇಬೀಡಿನಿಂದ ಬೇಲೂರಿಗೆ 16 ಕಿಲೋಮೀಟರ್. ತಿರುವುಗಳ, ಏರಿಳಿತದ ದಾರಿ. ಲಾರಿಯ ಬೆನ್ನಿಗೆ ಪ್ರವಾಸಿ ಕಾರೊಂದು ಅಂಟಿಕೊಂಡು ಒಂದೇ ಸಮನೆ ಹಾರನ್ ಹೊಡೆಯುತ್ತಿತ್ತು.

"ತಾತ, ರೈಟ್ ಹಾಕಿ, ಹೋಗ್ಲಿ," ಎಂದ ಹುಡುಗ.

ರಸ್ತೆಯ ಮೇಲೆ ಹುಟ್ಟಿದ ಭಾಷೆ ಅದು. ಮುಂದೆ ದಾರಿ ಖಾಲಿಯಿದೆ, ನೀನು ಹಿಂದೆ ಹಾಕು ಎನ್ನಲು ಲಾರಿಯವರು ಬಲದ ಇಂಡಿಕೇಟರ್ ಮಿಟುಕಿಸುತ್ತಾರೆ. ಬಲಕ್ಕೆ ತಿರುಗುತ್ತೇನೆ, ತಡೆ ಎನ್ನಲೂ ಅದೇ ದೀಪ. ಒಂದು ಸನ್ನೆಗೆ ಎರಡು ಅರ್ಥ, ಅದೂ ಒಂದಕ್ಕೊಂದು ತದ್ವಿರುದ್ಧ. ಕಾರಿನವನು ಒಂದನ್ನು ಹಿಡಿದುಕೊಂಡು ನುಗ್ಗುವಾಗ ಲಾರಿಯವನ ಮನಸ್ಸಿನಲ್ಲಿ ಇನ್ನೊಂದು ಇದ್ದರೆ ಆಗುವ ಅನಾಹುತ ಹೇಳಬೇಕಿಲ್ಲ. ಅರಸೀಕೆರೆ ಸ್ಟೇಷನ್ನಿನಲ್ಲಿ ಹಾಗೆ ನಡೆಯುವಂತಿಲ್ಲ. ಕೈಮರದ ಕಾಲದಿಂದ ಇವತ್ತಿನ ಬಣ್ಣದ ದೀಪದವರೆಗೆ ರೈಲಿನ ಸಿಗ್ನಲ್ಲಿಗೆ ಒಂದು ಹೊತ್ತಿನಲ್ಲಿ ಒಂದೇ ಅರ್ಥ.

ಯಜಮಾನರು ಸ್ವಿಚ್ಚಿಗೆ ಕೈ ಹಾಕಲಿಲ್ಲ. ಲಾರಿಯನ್ನು ಎಡಕ್ಕೆ ಸರಿಸಿ ನಿಧಾನ ಮಾಡಿ, ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ ಹಿಂದಿನಿಂದ ಮುಂದಕ್ಕೆ ಬೀಸಿದರು. ಲೈಸೆನ್ಸ್ ಪರೀಕ್ಷೆಗೆಂದು ಎಂದೋ ಕಲಿತ ಕೈಸನ್ನೆ. ಕಾರು ದಾಟಿ ಹೋಯಿತು.

"ಇಷ್ಟು ವರ್ಷ ನೀವೂ ರೈಟೇ ಹಾಕ್ತಿದ್ರಲ್ಲ?"

"ಹಾಕ್ತಿದ್ದೆ. ಆಗ ನನ್ನ ದೀಪ ಯಾರಿಗೆ ಕಾಣ್ತಿತ್ತು, ತಪ್ಪು ಹೇಳಿದ್ರೂ ಕೇಳೋರಿರ್ಲಿಲ್ಲ. ಈಗ ಕಾಣ್ತದೆ ಕಣೋ."

ಬೇಲೂರಿನ ಸಂತೆ ಬೀದಿಯ ಇಕ್ಕಟ್ಟಿನಲ್ಲಿ ಉಳಿದ ಸರಕು ಇಳಿಯುವಷ್ಟರಲ್ಲಿ ಸಂಜೆಯಾಯಿತು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಯಲ್ಲಿ ಗೈಡುಗಳು ಕೊನೆಯ ತಂಡಕ್ಕೆ ನವರಂಗದ ಛಾವಣಿಯ ಮೇಲೆ ದೀಪ ಹಾಯಿಸಿ ತೋರಿಸುವ ಹೊತ್ತು. ಹಗಲಿನಲ್ಲೂ ಮಬ್ಬಾಗಿರುವ ಆ ಒಳಾಂಗಣದಲ್ಲಿ ಬೆಳಕು ಬಿದ್ದಷ್ಟೇ ಶಿಲ್ಪ, ಉಳಿದದ್ದು ಕತ್ತಲೆ. ಹೊರಗೆ ದರ್ಪಣ ಸುಂದರಿ ಒಂಬತ್ತು ನೂರು ವರ್ಷಗಳಿಂದ ಹಿಡಿದ ಕನ್ನಡಿಯನ್ನು ಇಳಿಸಿಲ್ಲ.

ಹೊರಡುವ ಮುಂಚೆ ಯಜಮಾನರು ಎಂಜಿನ್ ಹಾಕದೆ, ಕ್ಯಾಬಿನ್ನಿನಲ್ಲಿ ಕೂತು ಕಾದರು. ಹುಡುಗ ಲಾರಿಯ ಹಿಂದೆ ಮೂವತ್ತು ಹೆಜ್ಜೆ ದೂರ ಹೋಗಿ ನಿಂತ. ನೇರಕ್ಕೊಮ್ಮೆ, ಪಕ್ಕಕ್ಕೆ ಸರಿದು ಓರೆಯಿಂದೊಮ್ಮೆ ನೋಡಬೇಕು. ತಂತಿಯ ಬಲ್ಬಿಗೆಂದು ಮಾಡಿದ ದೀಪದಲ್ಲಿ ಎಲ್.ಇ.ಡಿ. ಎಲ್ಲ ಕಡೆಗೂ ಒಂದೇ ಸಮ ಬೆಳಕು ಚೆಲ್ಲದು. ಯಜಮಾನರು ಸ್ವಿಚ್ ಎಡಕ್ಕೆ ಎತ್ತಿದರು. ಕನ್ನಡಿಯಲ್ಲಿ, ಇದ್ದದ್ದಕ್ಕಿಂತ ಕಿರಿದಾಗಿ, ಹುಡುಗನ ಎಡಗೈ ಮೇಲೆದ್ದಿತು. ಬಲಕ್ಕೆ ತಿರುಗಿಸಿದರು. ಬಲಗೈ ಎದ್ದಿತು. ಅವನು ಓಡಿ ಬಂದು ಹತ್ತಿ ಬಾಗಿಲು ಹಾಕಿಕೊಂಡ ಮೇಲೆ ಎಂಜಿನ್ ಗುಡುಗಿತು.